ಕರಡಿ ಮೇಲೆ ಕೂತ ಕಾರ್ಯದರ್ಶಿ

ನನ್ನ ಜೀವನಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ (ಅಂಥ ಅಪಾಯವೇನೂ ಸದ್ಯಕ್ಕೆ ಕಾಣುತ್ತಿಲ್ಲ) ಅದಕ್ಕೆ ಎರಡು ಅಧ್ಯಾಯ ಸಾಕು. ಚಿಕ್ಕಂದಿನಲ್ಲಿ ನಾನು ಕರಡಿಯ ಮೇಲೆ ಕೂತದ್ದು ಒಂದು. ದೊಡ್ಡವನಾದ ಮೇಲೆ ಹಾಲಿನ ಡೇರಿಯ ಕಾರ್ಯದರ್ಶಿಯ ಕುರ್ಚಿಯ ಮೇಲೆ ಕೂತದ್ದು ಇನ್ನೊಂದು. ಈ ಎರಡು ಆಸನಗಳಿಗೂ ಏನೋ ಸಂಬಂಧವಿದೆಯೆಂದು ಮೊನ್ನೆ ಮೊನ್ನೆಯವರೆಗೂ ನನಗೆ ಹೊಳೆದಿರಲಿಲ್ಲ.

ಮೊದಲನೆಯದನ್ನು ಮೊದಲು ಹೇಳುತ್ತೇನೆ. ನಾನು ಹುಟ್ಟಿದ್ದು ಹೊಳೆನರಸೀಪುರದಲ್ಲಿ. ಆಗೆಲ್ಲ ಸುಗ್ಗಿ ಮುಗಿದ ಮೇಲೆ ಕರಡಿ ಆಡಿಸುವವರು ಬೀದಿಗೆ ಬರುತ್ತಿದ್ದರು. ನಿದ್ದೆಯಲ್ಲಿ ಬೆಚ್ಚುವ, ಕತ್ತಲೆ ಕಂಡರೆ ಅಳುವ, ಹಾಸಿಗೆ ಒದ್ದೆ ಮಾಡುವ ಮಕ್ಕಳನ್ನು ಆ ಕರಡಿಯ ಬೆನ್ನ ಮೇಲೆ ಕೂರಿಸಿ ಒಂದು ಸುತ್ತು ಹಾಕಿಸಿದರೆ ಮಗುವಿನ ಭಯವೆಲ್ಲ ಜನ್ಮಕ್ಕೆ ಸಾಕಾಗುವಷ್ಟು ಬಿಟ್ಟುಹೋಗುತ್ತದೆಂದು ಎಲ್ಲರೂ ನಂಬಿದ್ದರು. ಕರಡಿಯವನಿಗೆ ಒಂದು ಮೊರ ರಾಗಿ. ಮೇಲೆ ಹೇಳಿದ ಮೂರು ಅರ್ಹತೆಗಳೂ ನನಗಿದ್ದವು. ಆದ್ದರಿಂದ ನನ್ನನ್ನೂ ಕೂರಿಸಿದರಂತೆ. ನನಗೆ ನೆನಪಿಲ್ಲ. ಆದರೆ ನಾನು ಪರೀಕ್ಷೆಗೆ ಹೊರಟಾಗ, ಸೂಜಿ ಚುಚ್ಚಿಸಿಕೊಳ್ಳುವಾಗ, ಹೆಣ್ಣು ನೋಡಲು ಹೋಗುವಾಗ ಅವ್ವ ತಪ್ಪದೆ ಹೇಳುತ್ತಿದ್ದಳು: "ಕರಡಿ ಮೇಲೆ ಕೂತೋನು ಕಣಪ್ಪ ನೀನು. ನಿನಗೆಂಥ ಭಯ." ನಾನು ನಂಬಿದೆ. ಬೇರೆ ಯಾವ ಪದವಿಯೂ ಇಲ್ಲದವನು ಇದನ್ನಾದರೂ ನಂಬದೆ ಏನು ಮಾಡಲಿ.

ಮದುವೆಯಾದ ಮೇಲೆ ಹೆಂಡತಿಯ ಊರಿಗೆ ಬಂದು ನೆಲೆಸಿದೆ. ಚನ್ನರಾಯಪಟ್ಟಣ ತಾಲ್ಲೂಕು, ಹಿರೀಸಾವೆಯಿಂದ ಒಳಕ್ಕೆ. ಅಲ್ಲಿನ ಡೇರಿಗೆ ಕಾರ್ಯದರ್ಶಿಯಾದೆ. ನಮ್ಮ ಡೇರಿ ಊರ ಹೊರಗೆ ಗುಡ್ಡದ ಬುಡದಲ್ಲಿದೆ. ಜಾಗ ದಾನ ಕೊಟ್ಟ ಮಹನೀಯರು ಅಲ್ಲಿ ಹುರುಳಿ ಕೂಡ ಬೆಳೆಯುವುದಿಲ್ಲವೆಂದು ಖಾತ್ರಿ ಮಾಡಿಕೊಂಡೇ ಕೊಟ್ಟದ್ದು. ಕಟ್ಟಡದ ಹಿಂದೆ ಆಳೆತ್ತರದ ಒಂದು ಹುತ್ತ. ಕಟ್ಟುವಾಗ ಅದನ್ನು ಮುಟ್ಟಲು ಮೇಸ್ತ್ರಿ ಒಪ್ಪಲಿಲ್ಲ. ನಾಗಪ್ಪನಿಗೆ ಜಾಗ ಬಿಟ್ಟು ಕಟ್ಟಿದ್ದರಿಂದ ನಮ್ಮ ಡೇರಿ ಸ್ವಲ್ಪ ಸೊಟ್ಟಗಿದೆ. ಒಳಗಿನ ಆಡಳಿತವೂ ಅದಕ್ಕೆ ಹೊಂದಿಕೊಂಡಿತ್ತು: ನಾನೊಬ್ಬ ಕಾರ್ಯದರ್ಶಿ, ಹಾಲಿನ ಬೆಲೆ ನಿರ್ಧರಿಸುವ ಫ್ಯಾಟ್ ನೋಡಲು ಒಬ್ಬ ಟೆಸ್ಟರ್. ಈ ಟೆಸ್ಟರ್ ಹಾಲನ್ನು ಪರೀಕ್ಷಿಸಿದ್ದಕ್ಕಿಂತ ಹೆಚ್ಚಾಗಿ ನನ್ನ ತಾಳ್ಮೆಯನ್ನು ಪರೀಕ್ಷಿಸಿದ್ದಾನೆ.

ಡೇರಿಯ ಕೆಲಸ ಬೆಳಕು ಹರಿಯುವ ಮೊದಲೇ ಶುರು. ಹಾಲಿನ ವ್ಯಾನು ಬಂದು ನಿಂತು ಹಾರ್ನ್ ಬಾರಿಸುವ ಹೊತ್ತಿಗೆ ಎಲ್ಲರ ಹಾಲೂ ಅಳೆದು ಕ್ಯಾನಿಗೆ ಸುರಿದಾಗಿರಬೇಕು. ಹಾಲು ಹಾಕಲು ಬರುವವರು ಹೆಚ್ಚಾಗಿ ಹೆಂಗಸರು. ಇಂಥ ಒಂದು ಮುಂಜಾನೆ ಟೆಸ್ಟರ್ ಕಟ್ಟಡದ ಹಿಂದಕ್ಕೆ ಹೋದವನು, ಹೋದ ಕೆಲಸ ಮುಗಿಸದೆ ಓಡಿಬಂದ.

"ಎಮ್ಮೆ ಕರ ಅನ್ಕಂಡೆ ಸಾ. ಓಯ್ ಅಂದೆ. ಎಮ್ಮೆ ಕರ ಎರಡು ಕಾಲ ಮೇಲೆ ಎದ್ದು ನಿಂತ್ಕಂಡ್ಬುಡ್ತು."

ಹೀಗೆ ನಮ್ಮ ಡೇರಿಗೆ ಕರಡಿಯ ಆಗಮನವಾಯಿತು.

ವಿಷಯ ತಿಳಿದು ಅರಣ್ಯ ಇಲಾಖೆಯವರೊಬ್ಬರು ಬಂದು ಹೆಜ್ಜೆ ಗುರುತು ನೋಡಿದರು. ಅವರು ಹೇಳಿದ್ದು ಬಹಳ ಸರಳ. ಕರಡಿಗೆ ಕಣ್ಣು ಕಿವಿ ಮಂದ, ಮೂಗು ಮಾತ್ರ ಚುರುಕು. ಮನುಷ್ಯ ಇರುವುದು ಅದಕ್ಕೆ ತೀರಾ ಹತ್ತಿರ ಬಂದ ಮೇಲೆ ಗೊತ್ತಾದರೆ ಗಾಬರಿಯಾಗಿ ಮುಖಕ್ಕೇ ಬೀಳುತ್ತದೆ. ಆದ್ದರಿಂದ ಒಬ್ಬೊಬ್ಬರೇ ಬರಬೇಡಿ, ದೂರದಿಂದಲೇ ಮಾತಾಡುತ್ತಾ ಬನ್ನಿ, ಎದುರಾದರೆ ಓಡಬೇಡಿ, ಮೆಲ್ಲಗೆ ಹಿಂದಕ್ಕೆ ಸರಿಯಿರಿ. ಎಲ್ಲಕ್ಕಿಂತ ಮುಖ್ಯ, ಸುತ್ತಮುತ್ತ ತಿನ್ನುವ ಪದಾರ್ಥ ಬಿಡಬೇಡಿ. ಇಷ್ಟು ಹೇಳಿ ಒಂದು ಲೋಟ ಹಾಲು ಕುಡಿದು ಹೋದರು. ಇದರಲ್ಲಿ ನನಗೆ ಬಹಳ ಹಿಡಿಸಿದ್ದು 'ಮಾತಾಡುತ್ತಾ' ಎಂಬ ಭಾಗ. ಸರ್ಕಾರವೇ ನನ್ನ ಸ್ವಭಾವವನ್ನು ಸುರಕ್ಷತಾ ಕ್ರಮವೆಂದು ಒಪ್ಪಿದಂತಾಯಿತು.

ಅಂದೇ ಆಡಳಿತ ಮಂಡಳಿಯ ತುರ್ತು ಸಭೆ ಸೇರಿತು. ಕರಡಿಯ ವಿಚಾರವನ್ನು ಯಾರು ನೋಡಿಕೊಳ್ಳಬೇಕೆಂಬ ಪ್ರಶ್ನೆ ಬಂದಾಗ ನಿರ್ದೇಶಕರೆಲ್ಲರೂ ಒಟ್ಟಿಗೆ ಸೂರು ನೋಡತೊಡಗಿದರು. ಆಗ ನಾನು ಎದ್ದು ನಿಂತು, ಬಾಲ್ಯದಲ್ಲಿಯೇ ಸದರಿ ಪ್ರಾಣಿಯ ಮೇಲೆ ಆಸೀನನಾದ ಅನುಭವ ನನಗಿರುವುದನ್ನು ವಿನಯಪೂರ್ವಕ ಸಭೆಯ ಗಮನಕ್ಕೆ ತಂದೆ. ಡೇರಿಯ ಇತಿಹಾಸದಲ್ಲಿಯೇ ಮೊದಲ ಬಾರಿಗೆ ಒಂದು ನಿರ್ಣಯ ಜಗಳವಿಲ್ಲದೆ ಪಾಸಾಯಿತು. ಅಧ್ಯಕ್ಷರು ನನ್ನ ಬೆನ್ನು ತಟ್ಟಿ, "ಕರಡಿ ಮೇಲೆ ಕೂತೋರು ನೀವಿರೋವಾಗ ನಮ್ಗೇನ್ರೀ ಯೋಚ್ನೆ" ಎಂದು ಹೇಳಿ, ಆ ಮೇಲೆ ಬಹಳ ದಿನ ಬೆಳಗಿನ ಹೊತ್ತು ಡೇರಿಯ ಕಡೆ ಮುಖ ಹಾಕಲಿಲ್ಲ.

ನಾನು ಕೆಲಸಕ್ಕೆ ತೊಡಗಿದೆ. ಹಾಸನಕ್ಕೆ ಹೋಗಿ ಕೈಯಲ್ಲಿ ಹಿಡಿದು ಕೂಗುವ ಮೈಕೊಂದನ್ನು ತಂದೆ. ಡೇರಿಯ ಗೋಡೆಯ ಮೇಲೆ ನಿಯಮಗಳನ್ನು ಬರೆಸಿದೆ. ಅದರಲ್ಲಿ ಮುಖ್ಯವಾದದ್ದು, ನಾನೇ ತಿದ್ದಿ ತೀಡಿ ರಚಿಸಿದ್ದು: 'ಕರಡಿ ಕಂಡುಬಂದ ಕೂಡಲೇ ಸಕಲರೂ ಒಳಪ್ರವೇಶಿಸಿ ಬಾಗಿಲು ಭದ್ರಪಡಿಸತಕ್ಕದ್ದು. ಕರಡಿ ನಿರ್ಗಮಿಸಿದೆಯೆಂದು ಕಾರ್ಯದರ್ಶಿಯವರು ದೃಢಪಡಿಸುವವರೆಗೂ ಯಾರೇ ಬಡಿದರೂ ಬಾಗಿಲು ತೆರೆಯತಕ್ಕದ್ದಲ್ಲ.' ಓದಲು ಬಾರದವರಿಗೆ ನಾನೇ ಓದಿ ಹೇಳಿದೆ. ಓದಲು ಬರುವವರಿಗೂ ಓದಿ ಹೇಳಿದೆ. ಬೇಡವೆಂದವರಿಗೆ ಮೈಕಿನಲ್ಲಿ ಓದಿ ಹೇಳಿದೆ.

ಒಂದು ಸಂಜೆ ಇದರ ತಾಲೀಮೂ ನಡೆಯಿತು. ಟೆಸ್ಟರ್‌ಗೆ ಕರಿ ಕಂಬಳಿ ಹೊದಿಸಿ ಕರಡಿ ಮಾಡಿದೆವು. ಅವನು ಹುತ್ತದ ಕಡೆಯಿಂದ ಗುರುಗುಟ್ಟುತ್ತಾ ಬಂದ. ಹೆಂಗಸರು ಬಿದ್ದು ಬಿದ್ದು ನಗುತ್ತಾ ಒಳಗೆ ನುಗ್ಗಿ, ಬಾಗಿಲು ಹಾಕಿ, ಬಾಗಿಲಿಗೆ ಹಾಲಿನ ಕ್ಯಾನುಗಳನ್ನು ಒತ್ತಾಗಿ ಇಟ್ಟರು. ಒಬ್ಬಾಕೆ ಮಾತ್ರ ನುಗ್ಗುವ ಮೊದಲು ಕ್ಯಾನಿನ ಮುಚ್ಚಳದಲ್ಲಿ ಕರಡಿಯ ಬೆನ್ನಿಗೆ ಒಂದು ಬಿಟ್ಟಳು. ಫ್ಯಾಟ್ ಕಮ್ಮಿ ಹಾಕಿದ ಹಳೇ ಸೇಡು ಇರಬೇಕು. ಆ ತಾಲೀಮಿನಲ್ಲಿ ನಾನು ಒಳಗೆ ಕಿಟಕಿಯ ಪಕ್ಕ ನಿಂತು ಅಪ್ಪಣೆ ಕೊಡುತ್ತಿದ್ದೆ. ಕರಡಿ ಬಂದಾಗ ಕಾರ್ಯದರ್ಶಿ ಹೊರಗೂ ಇರಬಹುದೆಂಬ ಸಾಧ್ಯತೆ ನನ್ನ ನಿಯಮಾವಳಿಯಲ್ಲಿ ಬಂದಿರಲೇ ಇಲ್ಲ.

ತಾಲೀಮು ಮುಗಿದು ಎಲ್ಲರೂ ಹೋದರೂ ಒಬ್ಬಾಕೆ ಉಳಿದಳು. ತೋಟದ ಮನೆಯವಳು. ಅವಳ ಮನೆ ಗುಡ್ಡದ ಆಚೆ ಮಗ್ಗುಲಲ್ಲಿ ಒಂಟಿಯಾಗಿದೆ. ಗಂಡನಿಗೆ ಕಣ್ಣು ಮಂಜು. ಎರಡು ಹಸು ಕರೆದು, ಕ್ಯಾನು ತಲೆಯ ಮೇಲಿಟ್ಟುಕೊಂಡು, ಗುಡ್ಡದ ಬಳಸು ಹಾದಿಯಲ್ಲಿ ಲಂಟಾನದ ಪೊದೆಗಳ ನಡುವೆ ಒಬ್ಬಳೇ ಬರುತ್ತಾಳೆ. ಆ ಹಾದಿ ಸರಿಯಾಗಿ ನಮ್ಮ ಹುತ್ತದ ಪಕ್ಕದಲ್ಲೇ ಹಾದು ಡೇರಿಯ ಅಂಗಳಕ್ಕೆ ಬಂದು ಬೀಳುತ್ತದೆ. ಕೆರೆ ಏರಿಯ ಮೇಲೆ ಸುತ್ತಿ ಬಂದರೆ ವ್ಯಾನು ಸಿಗುವುದಿಲ್ಲ.

"ಸಾ, ಎಲ್ಲಾರೂ ಗುಂಪಾಗಿ ಬನ್ನಿ ಅಂದ್ರಿ. ನಾನು ಯಾರ ಜೊತೆ ಗುಂಪಾಗ್ಲಿ. ಬರ್ಲಾ, ಬ್ಯಾಡ್ವಾ, ಒಂದು ಮಾತು ಯೋಳಿ."

ನೇರವಾದ ಪ್ರಶ್ನೆ. ನೇರವಾದ ಉತ್ತರವೂ ಇತ್ತು: ಬರಬೇಡ ಕಣವ್ವ, ಏನಾದರೂ ಬೇರೆ ವ್ಯವಸ್ಥೆ ಮಾಡೋಣ. ಆದರೆ ಅಷ್ಟು ಚಿಕ್ಕ ಮಾತು ನನ್ನ ಬಾಯಿಂದ ಯಾವತ್ತೂ ಬಂದದ್ದಿಲ್ಲ. ಆಡಳಿತ ಮಂಡಳಿಯು ಕೈಗೊಂಡಿರುವ ಕ್ರಮಗಳು, ಮೈಕಿನ ಖರೀದಿ, ಕಾರ್ಯದರ್ಶಿಯ ಬಾಲ್ಯ, ಇವಿಷ್ಟನ್ನೂ ವಿವರಿಸಿ, "ನಾನಿದ್ದೀನಿ, ಧೈರ್ಯವಾಗಿ ಬಾ" ಎಂದು ಮುಗಿಸಿದೆ. ಅವಳು ಕೇಳುತ್ತಾ ಕೇಳುತ್ತಾ ಕ್ಯಾನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡು, "ನೀವಿದ್ದೀರಿ ಅಂದ್ಮ್ಯಾಕೆ ಬತ್ತೀನಿ" ಎಂದು ಹೊರಟಳು. ಆ ರಾತ್ರಿ ಊಟ ಮಾಡುವಾಗ ಆ ಮಾತು ನೆನಪಾಯಿತು. ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ.

ಇನ್ನು ತಿನ್ನುವ ಪದಾರ್ಥಗಳ ವಿಷಯ. ಇದರಲ್ಲಿ ನಾನು ಬಹಳ ಕಟ್ಟುನಿಟ್ಟು. ಹೊರಗೆ ಜಗುಲಿಯ ಮೇಲಿದ್ದ ಹಿಂಡಿ ಮೂಟೆಗಳನ್ನು ಒಳಗೆ ಹಾಕಿಸಿದೆ. ಹಲಸಿನ ಸಿಪ್ಪೆ ಎಸೆದವರಿಗೆ ಮೈಕಿನಲ್ಲಿ ಛೀಮಾರಿ ಹಾಕಿದೆ. ಕ್ಯಾನು ತೊಳೆದ ನೀರು ನಿಲ್ಲದಂತೆ ಚರಂಡಿ ತೋಡಿಸಿದೆ. ಟೆಸ್ಟರ್ ತಿಂದ ಬಿಸ್ಕತ್ತಿನ ಪುಡಿಯನ್ನೂ ಗುಡಿಸಿಸಿದೆ.

ಅಷ್ಟರಲ್ಲಿ ವಯಸ್ಸಾದ ಹೆಂಗಸರು ಒಂದು ಸೂಕ್ಷ್ಮವನ್ನು ಕಂಡುಹಿಡಿದರು. ಇಷ್ಟು ವರ್ಷ ಇಲ್ಲದ ಕರಡಿ ಈಗ ಯಾಕೆ ಬಂತು? ನಾಗಪ್ಪನ ಹುತ್ತದ ಕಡೆಗೆ ನಾವು ಸೋಪಿನ ನೀರು ಬಿಟ್ಟಿದ್ದೇವೆ, ಅವನು ಮುನಿಸಿಕೊಂಡಿದ್ದಾನೆ, ಅದಕ್ಕೆ. ಶಾಂತಿ ಮಾಡಿದರೆ ಕರಡಿ ತಾನೇ ಹೋಗುತ್ತದೆ. ನನಗೂ ಇದು ಸರಿಯೆನಿಸಿತು. ನಿಜ ಹೇಳಬೇಕೆಂದರೆ, ಬರೀ ಚರಂಡಿ ತೋಡಿಸುವುದಕ್ಕಿಂತ ಇದರಲ್ಲಿ ಕಾರ್ಯದರ್ಶಿಗೆ ಗೌರವ ಹೆಚ್ಚು. ದಿನಾ ಸಂಜೆ ಹಾಲು ಅಳೆದಾದ ಮೇಲೆ ಹುತ್ತಕ್ಕೆ ಎಡೆ ಇಡುವುದೆಂದೂ, ಮನೆಗೊಂದು ದಿನದಂತೆ ಸರದಿಯಲ್ಲಿ ತಂಬಿಟ್ಟು, ಎಳ್ಳಿನ ಚಿಗಳಿ, ಬಾಳೆಹಣ್ಣು ತರುವುದೆಂದೂ, ಇಡುವ ಹೊಣೆ ಕಾರ್ಯದರ್ಶಿಯದೆಂದೂ ಸರ್ವಾನುಮತದಿಂದ ತೀರ್ಮಾನವಾಯಿತು.

ಈಗ ಓದುವವರಿಗೆ ನಗು ಬರಬಹುದು. ಹಿಂಡಿ ಮೂಟೆ ಒಳಗೆ ಹಾಕಿಸಿದವನು, ಬಿಸ್ಕತ್ತಿನ ಪುಡಿ ಗುಡಿಸಿಸಿದವನು, ಬೆಲ್ಲ ತುಪ್ಪ ಹಾಕಿ ಕಟ್ಟಿದ ತಂಬಿಟ್ಟನ್ನು ದಿನಾ ಕೈಯಾರೆ ಗುಡ್ಡದ ಬುಡದಲ್ಲಿಟ್ಟು ಬರುತ್ತಿದ್ದನಲ್ಲ ಎಂದು. ಆದರೆ ನಾಗಪ್ಪನ ಎಡೆ 'ತಿನ್ನುವ ಪದಾರ್ಥ' ಎಂದು ನಮ್ಮಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಎಡೆ ಎಂದರೆ ಎಡೆ.

ಬೆಳಿಗ್ಗೆ ಹೋಗಿ ನೋಡಿದರೆ ತಟ್ಟೆ ಬೆಳಗಿಟ್ಟಂತೆ ಖಾಲಿ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ನಾಗಪ್ಪ ಒಪ್ಪಿಕೊಂಡಿದ್ದಾನೆ ಎಂದು ಹೆಂಗಸರು ಕೆನ್ನೆ ಬಡಿದುಕೊಂಡರು. ಮರುದಿನದಿಂದ ತಂಬಿಟ್ಟಿನ ಗಾತ್ರ ಹೆಚ್ಚಿತು. ಒಬ್ಬರ ಮನೆಯ ತಂಬಿಟ್ಟಿಗಿಂತ ಇನ್ನೊಬ್ಬರ ಮನೆಯದು ದೊಡ್ಡದಾಗಿರಬೇಕೆಂಬ ಪೈಪೋಟಿ ಶುರುವಾಯಿತು. ಹುತ್ತದ ಒಂದು ಮಗ್ಗುಲು ಕುಸಿದಿತ್ತು; ಮಳೆಗೆ ಅಂದುಕೊಂಡೆವು. ಟೆಸ್ಟರ್ ಮಾತ್ರ ಒಮ್ಮೆ ಫ್ಯಾಟ್ ನೋಡುತ್ತಾ ಕೇಳಿದ:

"ಅಲ್ಲಾ ಸಾ, ನಾಗ್ರಾವು ಬಾಳೆಹಣ್ಣ ಸಿಪ್ಪೆ ಸಮೇತ ತಿಂತದಾ?"

"ಭಕ್ತಿಯಿಂದ ಇಟ್ಟರೆ ತಿನ್ನುತ್ತೆ," ಎಂದೆ. ಅವನು ಹಾಲಿನ ಕಡೆ ತಿರುಗಿಕೊಂಡ. ಅವನೂ ಅದಕ್ಕಿಂತ ಮುಂದಕ್ಕೆ ಯೋಚಿಸಲಿಲ್ಲ, ಅದೊಂದು ನನಗೆ ಸಮಾಧಾನ.

ನಾಗರ ಪಂಚಮಿ ಬಂತು. ಅಂದು ವಿಶೇಷ ಪೂಜೆಯನ್ನು ಬೆಳಿಗ್ಗೆಯೇ ಮಾಡಬೇಕೆಂದು ನಿರ್ಧಾರವಾದ್ದರಿಂದ ಹಿಂದಿನ ಸಂಜೆ ಎಡೆ ಇಡಲಿಲ್ಲ. ಈ ಚಿಕ್ಕ ಬದಲಾವಣೆಯನ್ನು ನಾನು ಗೋಡೆಯ ಮೇಲೆ ಬರೆಸಿ ಎಲ್ಲರಿಗೂ ತಿಳಿಸಿದ್ದೆ. ತಿಳಿಯಬೇಕಾದವರೊಬ್ಬರಿಗೆ ಓದಲು ಬರುತ್ತಿರಲಿಲ್ಲ.

ಬೆಳಿಗ್ಗೆ ಜಿನುಗು ಮಳೆ. ಬೆಳಕು ಇನ್ನೂ ಬೂದಿ ಬಣ್ಣದಲ್ಲಿತ್ತು. ಹೆಂಗಸರು ಜಗುಲಿಯ ಮೇಲೆ ಸಾಲಾಗಿ ಕ್ಯಾನು ಇಟ್ಟು ನಿಂತಿದ್ದರು. ನಾನು ಹೊಸ ಪಂಚೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಸ್ಟೀಲ್ ತಟ್ಟೆಯ ತುಂಬ ತಂಬಿಟ್ಟು, ಚಿಗಳಿ, ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಕಟ್ಟಡದ ಮೂಲೆ ತಿರುಗಿದೆ.

ಹುತ್ತದ ಪಕ್ಕದಲ್ಲಿ ಅದು ಕೂತಿತ್ತು. ರೇಷನ್ ಅಂಗಡಿಯ ಬಾಗಿಲು ತೆಗೆಯಲೆಂದು ಕಾದು ಕೂತವರ ಹಾಗೆ, ಸ್ವಲ್ಪ ಬೇಸರದಿಂದ. ಮೈಯೆಲ್ಲ ಮಳೆಹನಿ. ನನ್ನನ್ನು ನೋಡಲಿಲ್ಲ. ಮೂಗನ್ನು ಮಾತ್ರ ಎತ್ತಿ ತಟ್ಟೆಯ ಕಡೆ ತಿರುಗಿಸಿತು.

ಆಗ ನನಗೆ ಎಲ್ಲವೂ ಒಟ್ಟಿಗೆ ತಿಳಿಯಿತು. ಖಾಲಿ ತಟ್ಟೆ, ಕುಸಿದ ಹುತ್ತ, ಬಾಳೆಹಣ್ಣಿನ ಸಿಪ್ಪೆ. ಜ್ಞಾನೋದಯಕ್ಕೆ ಪ್ರಶಾಂತವಾದ ಜಾಗ ಬೇಕೆನ್ನುತ್ತಾರೆ. ನನಗೆ ಅದು ದೊರೆತದ್ದು ಎತ್ತಿನ ಗಾಡಿಯ ಉದ್ದದಷ್ಟು ಅಂತರದಲ್ಲಿ ಕರಡಿಯನ್ನಿಟ್ಟುಕೊಂಡು.

ಓಡಬೇಡಿ ಎಂದಿದ್ದರು. ನಾನು ಓಡಲಿಲ್ಲ. ಧೈರ್ಯವೆಂದು ಯಾರೂ ತಿಳಿಯಬಾರದು, ಹೊಸ ಪಂಚೆಯಲ್ಲಿ ಓಡಲು ಆಗುತ್ತಿರಲಿಲ್ಲ. ಹಿಂದಕ್ಕೆ ಸರಿಯುತ್ತಾ ಅಂಗಳಕ್ಕೆ ಬಂದೆ. ನನ್ನ ಮುಖ ನೋಡಿಯೋ, ನಾನು ಹಿಮ್ಮುಖವಾಗಿ ನಡೆದುಬಂದದ್ದನ್ನು ನೋಡಿಯೋ, ಹೆಂಗಸರು ತಾಲೀಮಿನಲ್ಲಿ ಮಾಡಿದ್ದಕ್ಕಿಂತ ಚೆನ್ನಾಗಿ ಮಾಡಿದರು. ನಗಲಿಲ್ಲ, ಕೂಗಲಿಲ್ಲ. ಕ್ಯಾನು ಎತ್ತಿಕೊಂಡು ಒಳಗೆ ಹೋದರು. ಬಾಗಿಲು ಹಾಕಿಕೊಂಡಿತು. ಕ್ಯಾನುಗಳನ್ನು ಎಳೆದು ಒತ್ತಾಗಿಟ್ಟ ಸದ್ದು ಕೇಳಿಸಿತು. ನಾನು ಬಾಗಿಲಿಗೆ ಬೆನ್ನು ಕೊಟ್ಟು ಮೆಲ್ಲಗೆ ಬಡಿದೆ.

"ಯಾರು?" ಒಳಗಿನಿಂದ ಟೆಸ್ಟರ್‌ನ ದನಿ.

"ನಾನು ಕಣಯ್ಯ. ತೆಗಿ."

"ಓಯ್ತಾ ಸಾ ಅದು?"

"ಇಲ್ಲ."

"ಅಂಗಾರೆ ತೆಗೆಯಂಗಿಲ್ವಲ್ಲ ಸಾ. ಗ್ವಾಡೆ ಮ್ಯಾಲೆ ನೀವೇ ಬರೆಸಿರೋದು."

ಒಬ್ಬ ಹೆಂಗಸು ಅವನನ್ನು ಬೈದದ್ದೂ, ಕ್ಯಾನು ಜರುಗಿಸಲು ಯಾರೋ ಹೆಣಗಿದ್ದೂ ಕೇಳಿಸಿತು. ಹಾಲು ತುಂಬಿದ ಕ್ಯಾನು. ಬೇಗ ಜರುಗದ ಹಾಗೆ ಒಂದರ ಹಿಂದೊಂದು ಇಡುವುದನ್ನು ಕಲಿಸಿದವನು ನಾನೇ. ನಿಯಮವನ್ನು ಇಷ್ಟು ಚಾಚೂ ತಪ್ಪದೆ ಪಾಲಿಸಿದ ಜನ ನನಗೆ ಅದಕ್ಕೆ ಮೊದಲೂ ಸಿಕ್ಕಿಲ್ಲ, ಆಮೇಲೂ ಸಿಕ್ಕಿಲ್ಲ. ಹಾಸನದ ಮೈಕು ಕೂಡ ಒಳಗೇ, ಮೇಜಿನ ಮೇಲೆ ಸುರಕ್ಷಿತವಾಗಿತ್ತು.

ಕರಡಿ ಮೂಲೆ ತಿರುಗಿ ಅಂಗಳಕ್ಕೆ ಬಂತು. ಅದಕ್ಕೆ ಬೇಕಾದದ್ದು ನಾನಲ್ಲ, ತಟ್ಟೆ ಎಂಬುದು ನನ್ನಂಥವನಿಗೂ ಅರ್ಥವಾಯಿತು. ಬಗ್ಗಿ ತಟ್ಟೆಯನ್ನು ನೆಲದ ಮೇಲಿಟ್ಟು ಕಾಲಿನಿಂದ ಮುಂದಕ್ಕೆ ತಳ್ಳಿದೆ. ಒದ್ದೆ ಸಿಮೆಂಟಿನ ಮೇಲೆ ಅದು ಜಾರಿಕೊಂಡು ಹೋಗಿ ಅಂಗಳದ ಅಂಚಿನಲ್ಲಿ ನಿಂತಿತು. ಗೋಡೆಗೆ ಅಂಟಿಕೊಂಡು ನಾನು ಜಗುಲಿಯ ಇನ್ನೊಂದು ತುದಿಗೆ ಸರಿದೆ. ಕರಡಿ ತಟ್ಟೆಯ ಮುಂದೆ ಕೂತು ತಿನ್ನತೊಡಗಿತು. ದೇವರಾಣೆ ಹೇಳುತ್ತೇನೆ, ನಮ್ಮ ಡೇರಿಯ ವಾರ್ಷಿಕ ಸಭೆಯಲ್ಲಿ ಊಟ ಮಾಡುವವರಿಗಿಂತ ಅದು ಮರ್ಯಾದೆಯಾಗಿ ತಿನ್ನುತ್ತಿತ್ತು.

ಸದ್ಯ ಬದುಕಿದೆ ಎಂದುಕೊಂಡೆ. ಆಗ ಲಂಟಾನದ ಪೊದೆಗಳ ಸಂದಿಯಲ್ಲಿ ಒಂದು ಬೆಳಕು ಕಂಡಿತು.

ಮೊಬೈಲಿನ ಬೆಳಕು. ಗುಡ್ಡದ ಹಾದಿಯಲ್ಲಿ ಅಲ್ಲಾಡುತ್ತಾ ಇಳಿಯುತ್ತಿತ್ತು. ತೋಟದ ಮನೆಯವಳು. ಆ ಹಾದಿ ಅಂಗಳಕ್ಕೆ ಬಂದು ಸೇರುವ ಬಾಯಿಗೆ ಸರಿಯಾಗಿ, ನಾನು ತಳ್ಳಿದ ತಟ್ಟೆಯ ಮುಂದೆ, ಅವಳು ಬರುವ ದಿಕ್ಕಿಗೆ ಬೆನ್ನು ಹಾಕಿ ಕರಡಿ ಕೂತಿತ್ತು. ಕೊನೆಯ ತಿರುವಿನಲ್ಲಿ ಪೊದೆ ದಟ್ಟ. ತಿರುಗಿದರೆ ಅವಳ ಕಾಲು ಅದರ ಬೆನ್ನಿಗೆ ತಾಗುತ್ತದೆ. ಕಣ್ಣು ಕಿವಿ ಮಂದ, ಗಾಬರಿಯಾದರೆ ಮುಖಕ್ಕೆ ಬೀಳುತ್ತದೆ ಎಂದಿದ್ದರು. ನಾನಿದ್ದೀನಿ ಬಾ ಎಂದಿದ್ದವನು ನಾನು.

ಬಾಯಿ ತೆರೆದೆ. ಬಂದ ಮಾತು ಇದು: "ಹಾಲು ಉತ್ಪಾದಕರ ಗಮನಕ್ಕೆ ತರುವುದೇನೆಂದರೆ..."

ಯಾಕೆ ಹಾಗೆ ಬಂತೋ ನನಗೆ ಗೊತ್ತಿಲ್ಲ. ಬಹಳ ವರ್ಷದಿಂದ ಆ ಬಾಯಿಗೆ ಬೇರೆ ದಾರಿಯೇ ಇರಲಿಲ್ಲ. ಪೊದೆಯ ಹಿಂದಿನಿಂದ ಉತ್ತರ ಬಂತು, ಹೆಜ್ಜೆ ನಿಲ್ಲಲಿಲ್ಲ.

"ಬಂದೆ ಬಂದೆ ಸಾ. ವ್ಯಾನು ಇನ್ನೂ ಬಂದಿಲ್ಲ, ಬುಡಿ."

ಬೆಳಕು ಕೊನೆಯ ತಿರುವಿನ ಹತ್ತಿರಕ್ಕೆ ಬಂತು. ಆಗ ನನ್ನೊಳಗಿನ ಕಾರ್ಯದರ್ಶಿ ಎಲ್ಲಿಗೋ ಹೋದ. ಉಳಿದವನ ಗಂಟಲಿನಿಂದ ಒಂದು ಕೀರಲು ದನಿ ಹೊರಟಿತು, ಹಾಲು ಬಿಡಿಸಿದ ಕರು ಅರಚಿದಂತೆ.

"ನಿಂತ್ಕಳವ್ವ. ಕರಡಿ."

ಬೆಳಕು ನಿಂತಿತು.

ಕರಡಿಯೂ ತಿನ್ನುವುದನ್ನು ನಿಲ್ಲಿಸಿ ಮೂಗೆತ್ತಿತು. ನಾನು ಕೀರಲು ದನಿಯಲ್ಲೇ ಮಾತಾಡುತ್ತಲೇ ಹೋದೆ, ಅದರ ಗಮನ ನನ್ನ ಕಡೆಗೇ ಇರಲೆಂದು. ಏನು ಮಾತಾಡಿದೆನೋ ಗೊತ್ತಿಲ್ಲ. ತಂಬಿಟ್ಟು ಯಾರ ಮನೆಯದೆಂದು ಹೇಳಿದೆನೆಂದು ಕಿಟಕಿಯಲ್ಲಿದ್ದವರು ಆಮೇಲೆ ಸಾಕ್ಷಿ ಹೇಳಿದರು. ಪೊದೆಯ ಹಿಂದೆ ಬೆಳಕು ಮೆಲ್ಲಗೆ, ಬಹಳ ಮೆಲ್ಲಗೆ ಹಿಂದಕ್ಕೆ ಹತ್ತಿ, ಚಿಕ್ಕದಾಗಿ, ಕಾಣದಾಯಿತು. ಕರಡಿ ಕೊನೆಯ ಬಾಳೆಹಣ್ಣನ್ನು ಸಿಪ್ಪೆ ಸಮೇತ ನುಂಗಿ, ತಟ್ಟೆಯನ್ನು ಎರಡು ಬಾರಿ ನೆಕ್ಕಿ, ಇನ್ನೇನೂ ಇಲ್ಲವೆಂದು ಖಚಿತವಾದ ಮೇಲೆ ಬೇರೆ ಕಡೆಯಿಂದ ಗುಡ್ಡ ಹತ್ತಿ ಹೋಯಿತು.

ಬಾಗಿಲು ತೆರೆಯಿತು. ಟೆಸ್ಟರ್ ಹೊರಗೆ ಬಂದು ಖಾಲಿ ತಟ್ಟೆಯನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದ.

"ನಾಗಪ್ಪ ಒಪ್ಕಂಡವ್ನೆ ಸಾ," ಎಂದ. ನಾನು ಜಗುಲಿಯ ಮೇಲೆ ಕೂತುಬಿಟ್ಟೆ. ಹೊಸ ಪಂಚೆಯ ಸ್ಥಿತಿಯ ಬಗ್ಗೆ ಹೆಚ್ಚು ಹೇಳಲಾರೆ. ಮಳೆ ಬಂದಿತ್ತಾದ್ದರಿಂದ ಮಾನ ಉಳಿಯಿತು.

ಆಮೇಲಿನ ಸಭೆ ಬೇಗ ಮುಗಿಯಿತು, ಯಾಕೆಂದರೆ ನಾನು ಹೆಚ್ಚು ಮಾತಾಡಲಿಲ್ಲ. ಡೇರಿಯ ಹುತ್ತಕ್ಕೆ ಎಡೆ ನಿಂತಿತು. ನಾಗಪ್ಪನಿಗೆ ಹಾಲಿನ ತನಿ ಎರೆಯುವವರು ಊರೊಳಗಿನ ಅರಳಿಕಟ್ಟೆಯ ನಾಗರಕಲ್ಲಿಗೆ ಎರೆಯುವುದೆಂದಾಯಿತು. ಚೆನ್ನಾಗಿ ಬೆಳಕು ಬಿದ್ದ ಮೇಲೆಯೇ ಹಾಲು ಅಳೆಯುವುದು. ವ್ಯಾನಿನವನು ಗೊಣಗಿದ, ಕರಡಿಯ ವಿಷಯ ಹೇಳಿದ ಮೇಲೆ ಅವನೇ ಇನ್ನೂ ಸ್ವಲ್ಪ ತಡವಾಗಿ ಬರತೊಡಗಿದ. ಗುಡ್ಡದ ಹಾದಿ ಮುಚ್ಚಿದೆವು. ತೋಟದ ಮನೆಯವಳು ಕೆರೆ ಏರಿಯ ಮೇಲೆ ಸುತ್ತಿ ಬಂದರೂ ಈಗ ವ್ಯಾನು ಸಿಗುತ್ತದೆ. ಏರಿಯ ಆಚೆ ಮನೆಗಳ ಇಬ್ಬರು ಹೆಂಗಸರು ಜೊತೆಯಾಗುತ್ತಾರೆ. ಇಷ್ಟನ್ನು ಅವಳು ಮೊದಲು ಕೇಳಿದ ಸಂಜೆಯೇ ಮಾಡಬಹುದಿತ್ತು. ಆ ಸಂಜೆ ನಾನು ನನ್ನ ಬಾಲ್ಯದ ಬಗ್ಗೆ ಮಾತಾಡುತ್ತಿದ್ದೆ. ಕರಡಿ ಇನ್ನೊಮ್ಮೆ ಬಂದು ಹುತ್ತದ ಸುತ್ತ ಮೂಸಿ, ನಮ್ಮ ಬಗ್ಗೆ ಕೆಟ್ಟ ಅಭಿಪ್ರಾಯ ತಳೆದು ಹೋದದ್ದನ್ನು ಹೆಜ್ಜೆ ಗುರುತು ತಿಳಿಸಿತು. ಆಮೇಲೆ ಬಂದಿಲ್ಲ.

ಸಭೆ ನಡೆದ ರಾತ್ರಿಯೇ ನನ್ನ ಸಾಹಸವನ್ನು ಯಾರಿಗಾದರೂ ಸ್ವಲ್ಪ ಬಣ್ಣ ಕಟ್ಟಿ ಹೇಳಬೇಕೆನಿಸಿತು. ಊರವರೆಲ್ಲ ಕಿಟಕಿಯಿಂದ ನೋಡಿದ್ದರಿಂದ ಅಲ್ಲಿ ಆ ಅವಕಾಶವಿರಲಿಲ್ಲ. ಅಕ್ಕನಿಗೆ ಫೋನು ಮಾಡಿದೆ. ಅಕ್ಕನನ್ನು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಕಡೆ ಕೊಟ್ಟಿದೆ. ಮನೆಯೊಳಗೆ ಹಾವು ಬಂದರೆ ಪೊರಕೆಯಲ್ಲಿ ಆಚೆ ದಾರಿ ತೋರಿಸಿ, ಕೈ ತೊಳೆದು ಅಡುಗೆ ಮುಂದುವರಿಸುವ ಹೆಂಗಸು. ಎಲ್ಲವನ್ನೂ ಹೇಳಿ, "ಕರಡಿ ಮೇಲೆ ಕೂತೋನಲ್ವೇನಕ್ಕಾ, ಅದಕ್ಕೇ ತಡ್ಕೊಂಡೆ" ಎಂದು ಮುಗಿಸಿದೆ.

"ನಿನ್ನ ಎಲ್ಲಿ ಕೂರ್ಸಿದ್ರು ಕಣ್ಲಾ?" ಎಂದಳು ಅಕ್ಕ. "ನೀನು ಕರಡಿ ಕಾಣ್ತಿದ್ದಂಗೆ ಒಳಿಕ್ಕೋಗಿ ರಾಗಿ ತುಂಬೋ ವಾಡೆ ಹಿಂದೆ ಸೇರ್ಕಂಡಿದ್ದೆ. ಎಳದ್ರೂ ಬರ್ನಿಲ್ಲ. ರಾಗಿ ಕೊಟ್ಟಾಗದೆ, ಸುಮ್ಕೆ ಯಾಕೆ ದಂಡ ಅಂತ ನನ್ನ ಎತ್ತಿ ಕೂರ್ಸಿದ್ರು."

"ಮತ್ತೆ ಅವ್ವ ಅಷ್ಟು ವರ್ಷ ಹೇಳ್ತಿದ್ದಳಲ್ಲ?"

"ನಿನಗೆ ಒಸಿ ಧೈರ್ಯ ಬರ್ಲಿ ಅಂತ ಯೋಳ್ತಿದ್ಲು. ಬ್ಯಾರೆ ಏನು ಯೋಳಾಳು, ಪಾಪ."

ಆಡಳಿತ ಮಂಡಳಿಯು ನನ್ನನ್ನು ನೇಮಿಸಿದ್ದು ಅಕ್ಕನ ಅರ್ಹತೆಯ ಮೇಲೆ. ಇದನ್ನು ಸಭೆಯ ಗಮನಕ್ಕೆ ತರಬೇಕೇ ಬೇಡವೇ ಎಂದು ಇನ್ನೂ ಯೋಚಿಸುತ್ತಿದ್ದೇನೆ.

ಮರುದಿನ ಬೆಳಿಗ್ಗೆ ತೋಟದ ಮನೆಯವಳು ಕೆರೆ ಏರಿಯ ಕಡೆಯಿಂದ ಬಂದಳು. ಪಂಚಮಿಯ ದಿನ ವಾಪಸು ಹೋದ ಹಾಲು ಏನಾಯಿತು ಎಂದು ಕೇಳಿದೆ. ಮನೆಯಲ್ಲೇ ಹೆಪ್ಪು ಹಾಕಿದಳಂತೆ, ಗಂಡ ಮಜ್ಜಿಗೆ ಕುಡಿದು ಕುಡಿದು ಸಾಕಾಗಿದ್ದಾನಂತೆ. ಕ್ಯಾನು ಇಳಿಸಿ, ತಲೆಯ ಸಿಂಬೆ ತೆಗೆದು, ನನ್ನ ಕಡೆ ನೋಡಿದಳು.

"ಕರಡಿ ಮ್ಯಾಲೆ ಕೂತಿದ್ದೋರು ನೀವು. ನಿಮ್ಗೇನು ಭಯ ಆಗಿರಾಕಿಲ್ಲ, ಅಲ್ವಾ ಸಾ?"

ಟೆಸ್ಟರ್ ಕಿವಿ ಈ ಕಡೆ ಇಟ್ಟೇ ಹಾಲು ಅಲ್ಲಾಡಿಸುತ್ತಿದ್ದ. ನ್ಯಾಯವಾಗಿ ಇದು ಒಂದು ದೀರ್ಘ ಉತ್ತರಕ್ಕೆ ಯೋಗ್ಯವಾದ ಪ್ರಶ್ನೆ.

"ಆಯ್ತು ಕಣವ್ವ," ಎಂದೆ. "ಭಾಳ ಭಯ ಆಯ್ತು."

ಅವಳು ತಲೆಯಾಡಿಸಿದಳು. "ಗೊತ್ತಾಯ್ತು. ನಿಮ್ ದನಿ ಅಂಗಿತ್ತು. ನೀವು ದಿನಾ ಕೂಗಂಗೆ ಕೂಗಿದ್ರೆ ನಾನು ಬಂದ್ಬುಡ್ತಿದ್ದೆ."

ಹಾಗೆಂದು ಹಾಲಿನ ಅಳತೆಯ ಚೀಟಿ ಈಸಿಕೊಂಡು ಬೆಳಕಿಗೆ ಹಿಡಿದು ನೋಡಿದಳು. ಫ್ಯಾಟ್ ಹಿಂದಿನ ಸಲಕ್ಕಿಂತ ಕಮ್ಮಿ ಬಿದ್ದಿತ್ತು. ಅದೇ ಹಸು, ಅದೇ ಹುಲ್ಲು, ಹಾಲು ಹೆಂಗೆ ತೆಳ್ಳಗಾಯಿತು ಎಂದು ಟೆಸ್ಟರ್‌ನ ಮೇಲೆ ಜಗಳಕ್ಕೆ ಬಿದ್ದಳು. ಇಂಥ ಸಂದರ್ಭದಲ್ಲಿ ಎದ್ದು ನಿಂತು ನಾಲ್ಕು ಮಾತಾಡಿ ಸಮಾಧಾನ ಮಾಡುವುದು ನನ್ನ ಪದ್ಧತಿ. ಅಂದು ಮೈಕನ್ನು ಮೇಜಿನ ಕೆಳಗೆ ತಳ್ಳಿ, ಅವಳ ಹಾಲನ್ನು ಇನ್ನೊಂದು ಸಲ ನೋಡಯ್ಯ ಎಂದಷ್ಟೇ ಹೇಳಿದೆ.